ಬಿಸಿಲಿಗಿಟ್ಟ ಕಿತ್ತಳೆ

ಕಳೆದ ಡಿಸೆಂಬರಿನಲ್ಲಿ ನನಗೆ ಸರಳತೆಯ ಹುಚ್ಚು ಹತ್ತಿತು. ಕ್ರಿಸ್‌ಮಸ್‌ಗೆ ಅಂಗಡಿಯಿಂದ ಏನೂ ತರಬಾರದು, ಅಲಂಕಾರವನ್ನೆಲ್ಲ ಮನೆಯಲ್ಲೇ ಮಾಡಬೇಕು ಎಂದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹೆಂಗಸು ಬಹಳ ಶಾಂತವಾಗಿ ಹೇಳಿದ್ದಳು. ಅವಳ ಮನೆಯಲ್ಲಿ ಧೂಳಾಗಲಿ, ಅಡುಗೆ ಮಾಡಿದ ಗುರುತಾಗಲಿ ಇರಲಿಲ್ಲ. ಇದ್ದಿದ್ದರೆ ಸರಳವಾಗಿರಲು ಅವಳಿಗೆ ಬಿಡುವೆಲ್ಲಿ ಸಿಗುತ್ತಿತ್ತು?

ಅವಳ ಅಪ್ಪಣೆಯಂತೆ ಎರಡು ಕೆಜಿ ಕಿತ್ತಳೆಯನ್ನು ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿದೆ. ಒಣಗಿಸಿ, ದಾರಕ್ಕೆ ಪೋಣಿಸಿ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಬೇಕಂತೆ. ಮರ ಎಂದರೆ ನಮ್ಮಲ್ಲಿ ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದ ಒಂದು ಸರ್ವೆ ಕೊಂಬೆ. ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಓವನ್ ಇಲ್ಲದ್ದರಿಂದ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಬಿಲ್ಲೆಗಳನ್ನು ಹರಡಿದೆ. ಫೋಟೋ ತೆಗೆದು 'ಸರಳ ಬದುಕು' ಎಂದು ಸ್ಟೇಟಸ್ ಹಾಕಿ ಆಫೀಸಿಗೆ ಹೋದೆ.

ಸಂಜೆ ಬಂದು ನೋಡಿದರೆ ಬಿಲ್ಲೆಗಳೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿ ನೀರು ಬಿಟ್ಟುಕೊಂಡಿದ್ದವು. ಪಕ್ಕದಲ್ಲಿ ಮನೆ ಒಡತಿ ಅಜ್ಜಿ ಕೂತಿದ್ದರು. ಮೇಲಿನ ಮಹಡಿಯ ಈ ಅಜ್ಜಿ ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದರೆಂದರೆ, ಉಳಿದ ದಿನವನ್ನು ನಮ್ಮನ್ನು ತಿದ್ದುವುದಕ್ಕೇ ಮೀಸಲಿಡುತ್ತಾರೆ.

"ಏನಮ್ಮ, ಉಪ್ಪೇ ಹಾಕ್ದೆ ಒಣಗೋಕಿಟ್ಟಿದ್ದೀಯಲ್ಲ. ನೋಡಿ ಜೀವ ತಡೀಲಿಲ್ಲ. ಉಪ್ಪು, ಅರಿಶಿನ ನಾನೇ ಹಾಕಿ ಕಲಸಿದೀನಿ."

"ಅಜ್ಜಿ, ಅದು ಉಪ್ಪಿನಕಾಯಿಗಲ್ಲ. ಮರಕ್ಕೆ ಕಟ್ಟೋಕೆ."

ಅಜ್ಜಿ ನನ್ನ ಮುಖವನ್ನೇ ನೋಡಿದರು. "ಮರದಲ್ಲಿರೋ ಹಣ್ಣು ಕಿತ್ತು, ಕುಯ್ದು, ಒಣಗಿಸಿ, ತಿರ್ಗಾ ಮರಕ್ಕೇ ಕಟ್ತೀಯಾ ಮಾರಾಯ್ತಿ?"

ನಾನು ಮೊಬೈಲು ತೆಗೆದು 'ಸರಳ ಬದುಕು' ಸ್ಟೇಟಸ್ಸನ್ನು ಅಳಿಸಿದೆ.

ಮರುದಿನ ಭದ್ರಾವತಿಯಿಂದ ಅಮ್ಮ ಬಂದಳು. ಕಿತ್ತಳೆ ಚೂರೊಂದನ್ನು ನಾಲಿಗೆಗಿಟ್ಟು, "ಖಾರ ಸಾಲ್ದು," ಎಂದಳು. ಹತ್ತು ನಿಮಿಷದಲ್ಲಿ ಅವಳೂ ಅಜ್ಜಿಯೂ ಒಂದಾಗಿ, ನನ್ನ ಅಲಂಕಾರ ಜಾಡಿ ಸೇರಿತು.

ಅಮ್ಮ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಹಬ್ಬ ಮಾಡಿದವಳು. ಅಲ್ಲಿ ಅಪ್ಪ ಬಿದಿರು ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಬಲ್ಬಿಟ್ಟು ನಕ್ಷತ್ರ ಮಾಡುತ್ತಿದ್ದರು. ಅದನ್ನು ಯಾರೂ ಸರಳತೆ ಎಂದು ಕರೆಯುತ್ತಿರಲಿಲ್ಲ. ಕಾಲೇಜಿಗೆ ಹೋಗುವಷ್ಟು ಜಾಣೆಯಾದ ಮೇಲೆ ನನಗೆ ಅದು ನಾಚಿಕೆಯೆನಿಸಿತು; ಹಟ ಹಿಡಿದು ಪ್ಲಾಸ್ಟಿಕ್ ನಕ್ಷತ್ರ ತರಿಸಿದೆ. ಅಪ್ಪ ಅದನ್ನೇ ಬಾಗಿಲಿಗೆ ಕಟ್ಟಿದರು. ಮತ್ತೆಂದೂ ಬಿದಿರು ತರಲಿಲ್ಲ. ಈಗ ಅವರಿಲ್ಲ.

"ಅಪ್ಪ ನಕ್ಷತ್ರ ಹೇಗೆ ಮಾಡ್ತಿದ್ರು, ನಿಂಗೆ ನೆನಪಿದ್ಯಾ?" ಎಂದು ಅಮ್ಮನನ್ನು ಕೇಳಿದೆ. ಕೇಳುವಾಗ ಅವಳ ಮುಖ ನೋಡಲಾಗಲಿಲ್ಲ.

"ಅವ್ರು ಕಟ್ಟೋವಾಗ ಕಡ್ಡಿ ಹಿಡ್ಕೊಂಡು ಕೂರ್ತಿದ್ದೋಳು ನಾನೇ ಅಲ್ವಾ?" ಎಂದಳು.

ಬಿದಿರು ಕಡ್ಡಿ, ಬಣ್ಣದ ಕಾಗದ ತಂದು ಮೂವರೂ ನಡುಮನೆಯಲ್ಲಿ ಕೂತೆವು. ಅಜ್ಜಿ ಮೈದಾ ಅಂಟು ಕಾಯಿಸಿ ತಂದರು. ಎರಡು ಸಲ ಕಟ್ಟಿ ಬಿಚ್ಚಿದರೂ ನಕ್ಷತ್ರದ ಒಂದು ಕೋಡು ಗಿಡ್ಡವಾಗಿಯೇ ಉಳಿಯಿತು. ಅಮ್ಮ ಅದನ್ನು ಸವರುತ್ತಾ, "ನಿಮ್ಮಪ್ಪಂದೂ ಹಿಂಗೇ ಆಗ್ತಿತ್ತು," ಎಂದಳು. ನಿಜವೋ, ನನಗಾಗಿ ಹೇಳಿದ್ದೋ ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಚರ್ಚಿನಿಂದ ವಾಪಸು ಬಂದಾಗ ಅಜ್ಜಿ ಗೇಟಿನ ಬಳಿ ನಿಂತು, ಎದುರು ಮನೆಯವರಿಗೆ ನಕ್ಷತ್ರ ತೋರಿಸುತ್ತಿದ್ದರು.

"ಅಂಟು ನಂದು," ಎನ್ನುತ್ತಿದ್ದರು. "ಸೊಟ್ಟಗಿರೋದು ಅವ್ರದ್ದು."