ಮೇಸ್ತ್ರಿಯ ಬೈಗುಳ ಹಾಡಾದಾಗ

ಮಲ್ಲಂದೂರಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವಾಗ ಅಮ್ಮನ ಕೈ ನಿಧಾನವಾಯಿತೆಂದು ಮೇಸ್ತ್ರಿ ಎಲ್ಲರೆದುರು ಬೈದಿದ್ದ: "ಕೈಗೆ ಲಕ್ವಾ ಹೊಡ್ದಿದ್ಯಾ ನಿಂಗೆ?" ಅಮ್ಮ ಅದನ್ನು ನನಗೆ ಹೇಳಿಕೊಂಡು ಅತ್ತಿದ್ದಳು. ಆ ಸಿಟ್ಟಿನಲ್ಲೇ ನಾನೊಂದು ರ‍್ಯಾಪ್ ಹಾಡು ಬರೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಅದರಲ್ಲಿ ಮೇಸ್ತ್ರಿಯ ಮಾತು ಒಂದೇ ಸಲ ಬರುತ್ತಿತ್ತು. ಉಳಿದದ್ದೆಲ್ಲ ಅಮ್ಮನ ಪರವಾಗಿ ನಾನು ಕೊಟ್ಟ ಉತ್ತರ.

ಹಾಡು ಹಿಟ್ ಆಯಿತು. ಯಾರ‍್ಯಾರೋ ರೀಮಿಕ್ಸ್ ಮಾಡಿದರು. ಅವುಗಳಲ್ಲಿ ನನ್ನ ಉತ್ತರವೇ ಇರಲಿಲ್ಲ; ಬೈಗುಳವೊಂದೇ ಮತ್ತೆ ಮತ್ತೆ ಬರುತ್ತಿತ್ತು.

ಜಾವಳಿಯಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಊಟವಾದ ಮೇಲೆ ಡಿಜೆ ಅಂಥದೇ ಒಂದು ರೀಮಿಕ್ಸ್ ಹಾಕಿದ. ಹಾಡು ಯಾರ ಮೇಲಿನದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕುಣಿಯುತ್ತಿದ್ದವರು ಕೈ ಸೊಟ್ಟ ಮಾಡಿಕೊಂಡು, ಅಮ್ಮನ ಕಡೆ ತಿರುಗಿ, "ಲಕ್ವಾ ಹೊಡ್ದಿದ್ಯಾ" ಎಂದು ಕೂಗಿದರು. ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ನಾನು ಓಡಿಹೋಗಿ ಡಿಜೆಯ ಕೈ ಹಿಡಿದೆ. "ನಿಲ್ಸಪ್ಪ, ದಮ್ಮಯ್ಯ."

"ನಿಮ್ಮದೇ ಹಾಡಲ್ವಾ ಮಾರಾಯ್ರೆ, ಖುಷಿ ಪಡಿ," ಎಂದವನು ಸದ್ದು ಇನ್ನೂ ಏರಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಆಡಿದ್ದು ಒಂದೇ ಮಾತು: "ಅದನ್ನ ನಿಂಗೊಬ್ಬಂಗೆ ಹೇಳಿದ್ದು ಕಣೋ ನಾನು."

ಮನೆಗೆ ಬಂದವನೇ ನನ್ನ ಹಾಡನ್ನು ಅಳಿಸಿದೆ. ರೀಮಿಕ್ಸ್ ಮಾಡಿದವರಿಗೆಲ್ಲ ತೆಗೆಯಿರೆಂದು ಅಂಗಲಾಚಿ ಬರೆದೆ. ಒಬ್ಬ ನಗುವ ಮುಖದ ಚಿತ್ರ ಕಳಿಸಿದ, ಉಳಿದವರು ಅದನ್ನೂ ಮಾಡಲಿಲ್ಲ. ಉತ್ತರವಿದ್ದ ಹಾಡನ್ನು ನಾನೇ ಇಲ್ಲವಾಗಿಸಿದ್ದೆ, ಬೈಗುಳ ಉಳಿದುಕೊಂಡಿತು.

ಅಮ್ಮ ಈಗ ಬೇರೊಂದು ಎಸ್ಟೇಟಿಗೆ ಹೋಗುತ್ತಾಳೆ. ನಾನು ಅವಳ ಮಗನೆಂದು ಅಲ್ಲಿ ಯಾರಿಗೂ ಹೇಳಿಲ್ಲವಂತೆ.