ಅಮಾವಾಸ್ಯೆಗೆ ಸೂಟಿ ಹೇಳುತ್ತಿದ್ದ ಈರಪ್ಪ ಕಾಕಾ

ಕಂಪ್ಯೂಟರಿನ ಪರದೆಯ ಮೇಲೆ ಸೀರೆಯ ಫೋಟೋ ಮೂಡಿದರೆ ಈರಪ್ಪ ಕಾಕಾ ಮೊದಲು ಅದನ್ನು ಎರಡು ಬೆರಳಿನಿಂದ ತಿಕ್ಕಿ ನೋಡುತ್ತಿದ್ದರು. ಅದು ಗಾಜು ಎಂದು ಗೊತ್ತಿಲ್ಲದೆ ಏನಲ್ಲ. ಮೂವತ್ತು ವರ್ಷ ಮಗ್ಗದಲ್ಲಿ ಪಳಗಿದ ಕೈ, ಮಾತು ಕೇಳುತ್ತಿರಲಿಲ್ಲ. ನಾನು ನಕ್ಕರೆ, “ನಗಬ್ಯಾಡ ತಂಗಿ, ಕೊಳ್ಳಾಕಿನೂ ಅಲ್ಲಿ ಕುಂತ ಹಿಂಗ ತಿಕ್ಕತಾಳ” ಎನ್ನುತ್ತಿದ್ದರು.

ಬನಹಟ್ಟಿಯ ನಮ್ಮ ಓಣಿಯಲ್ಲೇ ಅವರ ಮನೆ. ತಾವು ನೇಯ್ದದ್ದನ್ನು ತಾವೇ ಮಾರಬೇಕೆಂದು ಜಾಲತಾಣದಲ್ಲಿ ಒಂದು ಪೇಜು ತೆರೆಸಿ, ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಕೈಗೆ ಕೊಟ್ಟರು. ಇವತ್ತು ಜಮಖಂಡಿ, ಮುಧೋಳದ ಅಂಗಡಿಗಳ ಪೇಜು ನಡೆಸಿ ಉಣ್ಣುತ್ತಿದ್ದೇನೆ. ಕಸುಬು ಕಲಿಸಿದ್ದು ಇಂಗ್ಲಿಷ್ ಅಕ್ಷರವನ್ನೆಲ್ಲ ನನ್ನಿಂದ ಓದಿಸಿಕೊಳ್ಳುತ್ತಿದ್ದ ಆ ಮನುಷ್ಯ.

ಒಮ್ಮೆ ಕೆಂಪು ಸೀರೆಯೊಂದಕ್ಕೆ ಫಿಲ್ಟರ್ ಹಾಕಿ ಮಿಂಚಿಸಿಬಿಟ್ಟೆ. ಲೈಕುಗಳ ಸುರಿಮಳೆ. ಕಾಕಾ ಸೀರೆಯನ್ನೇ ತಂದು ಪರದೆಯ ಪಕ್ಕ ಹಿಡಿದರು. “ಇದು ನನ್ನ ಸೀರಿ ಅಲ್ಲ, ತಗಿ. ಕೇಳಿದವರಿಗೆಲ್ಲಾ ಖರೆ ಬಣ್ಣ ಬ್ಯಾರೆ ಐತಿ ಅಂತ ಬರಿ. ನಮ್ಮ ಪೇಜಿನಾಗ ಸುಳ್ಳ ಬ್ಯಾಡವಾ.” ಸಿಟ್ಟು ನೆತ್ತಿಗೇರಿತ್ತು. ಆದರೂ ಒಬ್ಬೊಬ್ಬರಿಗೂ ಬರೆದೆ.

ಅಮಾವಾಸ್ಯೆಯ ದಿನ ಅವರು ಮಗ್ಗ ಮುಟ್ಟುತ್ತಿರಲಿಲ್ಲ, ಪೂಜೆ ಮಾಡಿ ಬಿಡುತ್ತಿದ್ದರು. ಕಂಪ್ಯೂಟರಿಗೂ ಅದೇ ಮರ್ಯಾದೆ: ವಿಭೂತಿ, ಹೂವು, ಕಾಯಿ. ಒಡೆದ ಕಾಯಿಯ ನೀರು ಕೀಬೋರ್ಡಿನೊಳಗೆ ಇಳಿದಾಗ ಅದನ್ನು ನೂಲಿನ ಲಡಿಗಳ ಪಕ್ಕ ಬಿಸಿಲಿಗೆ ಒಣಹಾಕಿದ ಪುಣ್ಯಾತ್ಮರು! ಆ ದಿನ ಗಿರಾಕಿಗಳು ಸುಮ್ಮನೆ ಕಾಯಬಾರದಲ್ಲ? ಮೊದಲೇ ಬರೆದಿಟ್ಟರೆ ಪೋಸ್ಟು ಹೇಳಿದ ದಿನ ತಾನೇ ಹೋಗುತ್ತದೆ ಎಂದು ತೋರಿಸಿದೆ. ಕಾಕಾಗೆ ಎಲ್ಲಿಲ್ಲದ ಖುಷಿ. ಕ್ಯಾಲೆಂಡರ್ ನೋಡಿ ಐದು ಅಮಾವಾಸ್ಯೆಗೆ ರಜೆ ಹೇಳುವ ಒಂದೇ ಮಾತನ್ನು ಒಂದೇ ಬೆರಳಿನಿಂದ ಕುಟ್ಟಿ ಹಾಕಿಟ್ಟರು: “ಇವತ್ತ ಅಮಾಸಿ. ಮಗ್ಗಕ್ಕ ಸೂಟಿ, ನನಗೂ ಸೂಟಿ. ನಾಳಿ ಮಾತಾಡೋಣರಿ. ಈರಪ್ಪ.”

ಎರಡು ಹೋದವು. ಮೂರನೆಯದಕ್ಕೆ ಮೊದಲೇ ಕಾಕಾ ಹಾಸಿಗೆ ಹಿಡಿದರು. “ಒಂದೀಟ ಬಂದ ಹೋಗ ತಂಗಿ” ಎಂದು ಫೋನ್ ಮಾಡಿದರು. ನಾನು ಜಮಖಂಡಿಯ ಅಂಗಡಿಯೊಂದರ ಹಬ್ಬದ ಜಾಹೀರಾತಿನಲ್ಲಿ ಮುಳುಗಿದ್ದೆ. “ನಾಳಿ ಬರ್ತೇನ್ರಿ ಕಾಕಾ” ಎಂದೆ. ಮರುದಿನ ಹೋಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಆ ಜಾಹೀರಾತಿನಲ್ಲಿ ಏನಿತ್ತೆಂಬುದು ಈಗ ನೆನಪೂ ಇಲ್ಲ. ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಆ ದುಃಖದಲ್ಲಿ ಅಮಾವಾಸ್ಯೆಯ ಪೋಸ್ಟು ನನಗೆ ಮರೆತೇಹೋಗಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಕಾಕಾರ ಹೆಂಡತಿ, ನಮ್ಮೆಲ್ಲರ ಕಾಕು, ಫೋನ್ ಹಿಡಿದು ಬಂದರು. “ನೋಡವಾ, ನಾಳಿ ಮಾತಾಡೋಣ ಅಂದಾರ.” ಅಳಿಸಲು ಹೋದರೆ ಕೈ ಹಿಡಿದರು. “ಮೊದಲ ಬರದಿಟ್ಟದ್ದು ಅಂತ ನನಗೂ ಗೊತ್ತೈತಿ. ಇರ್ಲಿ ಬಿಡು. ಇನ್ನ ಎಷ್ಟ ಅದಾವ?”

“ಎರಡ ಅದಾವ್ರಿ.”

ಪೋಸ್ಟಿನ ಕೆಳಗೆ ಗಿರಾಕಿಗಳು ‘ಆಯ್ತು ಕಾಕಾ, ನಾಳೆ ಸಿಗೋಣ’ ಎಂದು ಬರೆದಿದ್ದರು. ಅವರ ಪೇಜಿನಲ್ಲಿ ಸುಳ್ಳು ಇರಬಾರದು. ಅಳುತ್ತ ಅಳುತ್ತ ಒಬ್ಬೊಬ್ಬರಿಗೂ ಬರೆದೆ, ಕಾಕಾ ಇನ್ನಿಲ್ಲ ಎಂದು.

ಕೊನೆಯದೂ ಹೋದ ದಿನ ಕಾಕು ಮೆಲ್ಲಗೆ ಕೇಳಿದರು: “ನಿನಗ ಬರತೈತಲ್ಲ, ಮುಂದಿಂದೂ ಒಂದ ಹಂಗ ಬರದ ಹಾಕವಾ.” ‘ಇವತ್ತ ಅಮಾಸಿ’ ಎಂದು ಬರೆದೂಬಿಟ್ಟೆ. ಕೆಳಗೆ ಈರಪ್ಪ ಎಂದು ಬರೆಯಲು ಬೆರಳು ಏಳಲಿಲ್ಲ.

“ಕಾಕಾ ಬೈತಾರ್ರಿ” ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಹೋದಾಗ ಮಗ್ಗಕ್ಕೆ ಪೂಜೆ ಆಗಿತ್ತು, ಕಂಪ್ಯೂಟರಿನ ಮೇಲೂ ಹೂವಿತ್ತು. ಕಾಕು ಬೆಳಿಗ್ಗೆಯಿಂದ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತೆ. ಮಧ್ಯಾಹ್ನವಾಯಿತು. ಅವರು ಎರಡು ಬೆರಳಿನಿಂದ ಪರದೆಯನ್ನು ತಿಕ್ಕಿ, ಫೋನನ್ನು ನನ್ನ ಕೈಗಿಟ್ಟರು.

“ಇವತ್ತ ಸೂಟಿ ಹೇಳಲೇ ಇಲ್ಲ ನೋಡವಾ” ಎಂದರು.