ಪೂರ್ಣಕುಂಭಕ್ಕೆ ಐದು ಹುಡುಗಿಯರು

ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದಕ್ಕಿಂತ, ಕಲಿಸಲು ಬಿಡಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದರೆ ಸರಿ. ಊರಿನಲ್ಲಿ ಕನ್ನಡಿಗರದೊಂದು ಬಳಗವಿತ್ತು. ಕರಾವಳಿಯಿಂದ ಬಂದು ಹೋಟೆಲ್ ಇಟ್ಟು ಅನುಕೂಲವಾದವರೇ ಅದರಲ್ಲಿ ಹೆಚ್ಚು. ರಾಜ್ಯೋತ್ಸವವೋ, ಯುಗಾದಿಯೋ, ಯಾರದೋ ಸನ್ಮಾನವೋ, ಏನೇ ಇರಲಿ, ಕಾರ್ಯದರ್ಶಿಗಳ ಫೋನು ನಮ್ಮ ಹೆಡ್‌ಮಾಸ್ತರರಿಗೆ ಬರುತ್ತಿತ್ತು. ಪೂರ್ಣಕುಂಭಕ್ಕೆ ಐದು ಹುಡುಗಿಯರು ಬೇಕು. ಹುಡುಗಿಯರು ಸೀರೆ ಉಟ್ಟು, ತೆಂಗಿನಕಾಯಿ ಇಟ್ಟ ಕಲಶ ಹಿಡಿದು, ಬಾಗಿಲಲ್ಲಿ ಸಾಲಾಗಿ ನಿಂತು ಅತಿಥಿಗಳನ್ನು ಸ್ವಾಗತಿಸಬೇಕು. ಹಿಂದಿನ ದಿನ ಸ್ವಾಗತಗೀತೆಯ ತಾಲೀಮು, ಮರುದಿನ ಕಾರ್ಯಕ್ರಮ, ಅದರ ಮರುದಿನ ಸುಸ್ತು. ಅಷ್ಟೂ ದಿನದ ಗಣಿತ ನೀರಿನಲ್ಲಿ ಹೋಮ.

ಹುಡುಗರನ್ನು ಯಾರೂ ಕರೆಯುತ್ತಿರಲಿಲ್ಲ. ಅವರು ಬೆಂಚಿನ ಮೇಲೆ ಕೂತು ಸಮೀಕರಣ ಬಿಡಿಸುತ್ತಿದ್ದರು, ಇಲ್ಲವೇ ಆಕಳಿಸುತ್ತಿದ್ದರು. ಆ ಆಕಳಿಕೆಯೂ ತರಗತಿಯ ಒಳಗೇ ನಡೆಯುತ್ತಿತ್ತಲ್ಲ ಎಂದು ನನಗೆ ಹೊಟ್ಟೆಯುರಿ. ನಮ್ಮ ಮಕ್ಕಳಿಗೆ ಹತ್ತನೆಯ ತರಗತಿ ದಾಟಿದರೆ ಕನ್ನಡ ಮುಗಿಯಿತು, ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು, ಇರುವ ಒಂದು ಗಂಟೆಯನ್ನೂ ದಂಡ ಮಾಡಬೇಡಿ ಎಂದು ಹೆಡ್‌ಮಾಸ್ತರರ ಹತ್ತಿರ ಜಗಳ ತೆಗೆಯುತ್ತಿದ್ದೆ. ಶಾಲೆಗೆ ಬೆಂಚು ಮಾಡಿಸಿಕೊಟ್ಟವರೇ ಬಳಗದವರಲ್ಲವೇ ಎನ್ನುತ್ತಿದ್ದರು ಅವರು. ಹಾಗಾದರೆ ಆ ಬೆಂಚಿನ ಮೇಲೆ ಹುಡುಗಿಯರನ್ನು ಕೂರಲು ಬಿಡಿ ಎಂದರೆ ಚಹಾ ತರಿಸುತ್ತಿದ್ದರು.

ನನ್ನನ್ನಂತೂ ಆ ಕಲಶದ ಸಾಲಿಗೆ ಯಾರೂ ಕರೆಯುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆರತಿ ತಟ್ಟೆಯ ಹತ್ತಿರ ಸುಳಿದರೂ ಸಾಕು, ಬಳಗದ ಹೆಂಗಸರು ನಗುನಗುತ್ತಲೇ ನನ್ನನ್ನು ಮೈಕಿನ ಕಡೆಗೋ ಊಟದ ಎಲೆಗಳ ಕಡೆಗೋ ಸಾಗಹಾಕುತ್ತಿದ್ದರು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ, ಒಳ್ಳೆಯದೇ ಆಯಿತು, ಉತ್ತರಪತ್ರಿಕೆ ತಿದ್ದಲು ಬಿಡುವು ಸಿಕ್ಕಿತು ಎಂದುಕೊಂಡೆ.

ಒಂದು ವರ್ಷ ನನ್ನ ತರಗತಿಯಲ್ಲಿ ಯಾದಗಿರಿ ಕಡೆಯ ಹುಡುಗಿಯೊಬ್ಬಳಿದ್ದಳು. ತಂದೆ ತಾಯಿ ಇಬ್ಬರಿಗೂ ಕಟ್ಟಡದ ಕೆಲಸ, ಯೆರವಡಾದಲ್ಲಿ ತಗಡಿನ ಮನೆ. ಎತ್ತರದ ಹುಡುಗಿ, ಸೀರೆ ಉಟ್ಟು ನಿಂತರೆ ಲಕ್ಷಣವಾಗಿ ಕಾಣುತ್ತಾಳೆ ಎಂದು ಪ್ರತಿ ಸಲವೂ ಅವಳಿಗೇ ಕರೆ. ಗಣಿತದಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿ ಇರಲಿಲ್ಲ ಎಂಬುದು ಬಳಗಕ್ಕೆ ಬೇಕಾಗಿರಲಿಲ್ಲ. ಸಂಜೆ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ತಪ್ಪಿಹೋದ ಪಾಠ ಹೇಳಿಕೊಡುತ್ತಿದ್ದೆ, ಲಂಬಕ್ಕೂ ವ್ಯಾಸಕ್ಕೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಅವಳಿಗೆ ಸಿವಿಲ್ ಡಿಪ್ಲೊಮಾ ಮಾಡುವ ಆಸೆ. ಅದೇ ಯಾಕೆ ಎಂದು ಒಮ್ಮೆ ಕೇಳಿದೆ.

"ಸೈಟಿನ್ಯಾಗ ನಕ್ಷಾ ಹಿಡ್ಕೊಂಡು ನಿಂತೋರ್ನ ಎಲ್ಲಾರೂ ರೀ ಹಚ್ಚಿ ಮಾತಾಡಸ್ತಾರ್ರಿ ಟೀಚರ್. ನಮ್ಮಪ್ಪಗ ಯಾರೂ ಹಚ್ಚಂಗಿಲ್ಲ" ಎಂದಳು.

ಒಳ್ಳೆಯ ಅಂಕ ಬಂತು. ಪಾಲಿಟೆಕ್ನಿಕ್ಕಿನವರು ಅಂಕಗಳ ಕ್ರಮದಲ್ಲಿ ಹೆಸರು ಕೂಗಿ ಸೀಟು ಕೊಡುತ್ತಿದ್ದರು. ಕೂಗಿದಾಗ ಎದುರಿಗಿಲ್ಲದಿದ್ದರೆ ಸೀಟು ಮುಂದಿನವರ ಪಾಲು. ಅವಳ ಸರದಿ ಮಧ್ಯಾಹ್ನದ ಹೊತ್ತಿಗೆ ಬರಬಹುದೆಂದಿದ್ದರು. ಅದೇ ದಿನ ಬೆಳಿಗ್ಗೆ ಬಳಗದಿಂದ ಪ್ರತಿಭಾವಂತ ಹುಡುಗಿಯರಿಗೆ ಸನ್ಮಾನ. ಬೆಂಗಳೂರಿನಿಂದ ಬಂದ ಗಣ್ಯರೊಬ್ಬರು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡುವವರಿದ್ದರು. ನಮ್ಮ ಹುಡುಗಿಗೂ ಶಾಲು ಇತ್ತು. ಹೇಗೂ ಬರುತ್ತಾಳಲ್ಲ, ಕಲಶವನ್ನೂ ಹಿಡಿಯಲಿ ಎಂದರು. ಅವಳ ತಂದೆಗೆ ಕೊಂಢವಾದಲ್ಲಿ ಬಳಗದ ಅಧ್ಯಕ್ಷರ ಹೊಸ ಹೋಟೆಲಿನ ಕಟ್ಟಡದಲ್ಲೇ ಕೆಲಸ ನಡೆದಿತ್ತು. ಹೋಗದಿದ್ದರೆ ಅವರು ಏನೆಂದುಕೊಳ್ಳುತ್ತಾರೋ ಎಂದು ಆತ ಹೆದರಿದ. ಹತ್ತಕ್ಕೆ ಶುರು, ಹನ್ನೊಂದಕ್ಕೆ ಮುಗಿಯುತ್ತದೆ ಎಂದು ಕಾರ್ಯದರ್ಶಿಗಳು ಭರವಸೆ ಕೊಟ್ಟಿದ್ದರು.

ಹನ್ನೊಂದಾಯಿತು. ಅತಿಥಿಗಳು ಅಧ್ಯಕ್ಷರ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದಾರೆಂದು ಸುದ್ದಿ ಬಂತು. ಹನ್ನೆರಡಾಯಿತು. ಈಗ ಹೊರಟರು ಎಂದರು, ಆಮೇಲೆ ಇನ್ನೂ ಹೊರಟಿಲ್ಲವಂತೆ ಎಂದರು. ಪೂಜೆ ಮಾಡಿ ಎತ್ತಿದ ಕಲಶವನ್ನು ಸ್ವಾಗತ ಮುಗಿಯುವವರೆಗೆ ನೆಲಕ್ಕೆ ಇಡುವಂತಿಲ್ಲ ಎಂಬುದು ಬಳಗದ ನಿಯಮ. ಹುಡುಗಿಯರು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸುತ್ತ ನಿಂತಿದ್ದರು. ನನ್ನ ಹುಡುಗಿ ಸಭಾಂಗಣದ ಗಡಿಯಾರದ ಕಡೆಗೇ ನೋಡುತ್ತಿದ್ದಳು. ಅವಳನ್ನು ಬಿಟ್ಟುಬಿಡಿ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. ಕಾರಣವನ್ನೂ ಬಿಡಿಸಿ ಹೇಳಿದೆ.

"ಹತ್ತೇ ನಿಮಿಷ ಮಾರಾಯ್ರೆ" ಎಂದರು. "ಸನ್ಮಾನ ಆಗುವವಳೇ ಓಡಿಹೋದರೆ ಹೇಗೆ? ಮತ್ತೆ ನಾಲ್ಕೇ ಕಲಶ ನಿಲ್ಲಿಸಲಿಕ್ಕೆ ಆಗ್ತದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಯ ಸಾಲಿನಲ್ಲಿ ಹುಡುಗಿಯ ತಾಯಿ ಅಂಕಪಟ್ಟಿಯ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗಳನ್ನು ಕರೆದುಕೊಂಡು ಈಗಲೇ ಆಟೋ ಹತ್ತು ಎಂದೆ.

"ಹೋಗ್ತೀವ್ರಿ" ಎಂದಳು ಅವಳು. "ಆದ್ರ ಆ ಕೊಡಾ ಯಾರ್ ಹಿಡೀತಾರ್ರಿ?"

ಸುತ್ತ ನೋಡಿದೆ. ಫ್ಯಾನಿನ ಕೆಳಗೆ ಕೂತ ರೇಷ್ಮೆ ಸೀರೆಗಳಲ್ಲಿ ಒಂದೂ ಅಲುಗುವಂತೆ ಕಾಣಲಿಲ್ಲ. ನಾನು ಹಿಡಿಯುತ್ತೇನೆ ಎಂದೆ. ಅವಳು ನನ್ನ ಹಣೆಯನ್ನು ಒಂದು ಕ್ಷಣ ನೋಡಿ, ಚೀಲ ಎತ್ತಿಕೊಂಡು ಎದ್ದಳು.

ಕಲಶ ನನ್ನ ಕೈಗೆ ಬಂದಾಗ ಅದು ಎಷ್ಟು ಭಾರವೆಂದು ಗೊತ್ತಾಯಿತು. ಹುಡುಗಿ ನೆರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಓಡಿದಳು, ಹಿಂದೆ ಅವಳ ತಾಯಿ. ಬೀದಿಯ ತಿರುವಿನಲ್ಲಿ ಆಟೋ ಮರೆಯಾಗುವ ಹೊತ್ತಿಗೆ ಅತಿಥಿಗಳ ಕಾರು ಬಂದು ನಿಂತಿತು. ಆಗ ಕಾರ್ಯದರ್ಶಿಗಳು ನನ್ನನ್ನು ಕಂಡರು. ಅತಿಥಿಯ ಎದುರು ಕಲಶ ಕಿತ್ತುಕೊಳ್ಳುವಂತಿಲ್ಲ, ಬಿಡುವಂತೆಯೂ ಇಲ್ಲ. ಹೆಂಗಸರ ಗುಸುಗುಸು ನನ್ನ ಬೆನ್ನ ಹಿಂದೆ ಕೇಳಿಸುತ್ತಿತ್ತು. ಅತಿಥಿಗಳಿಗೇನು ಗೊತ್ತು, ಸಾಲಿನಲ್ಲಿ ಹಿರಿಯಳೆಂದು ನನಗೊಂದು ನಮಸ್ಕಾರ ಹೆಚ್ಚಿಗೆ ಮಾಡಿ ಒಳಗೆ ಹೋದರು. ಹೆಣ್ಣುಮಕ್ಕಳು ಓದಬೇಕೆಂದು ಊಟದ ಹೊತ್ತು ಮೀರುವವರೆಗೆ ಮಾತಾಡಿದರು. ನಮ್ಮ ಹುಡುಗಿಯ ಹೆಸರು ಕೂಗಿದಾಗ ಯಾರೂ ಏಳಲಿಲ್ಲ. ಶಾಲು ಮೇಜಿನ ಮೇಲೇ ಉಳಿಯಿತು.

ಸಂಜೆ ಅವಳು ಅದೇ ಸೀರೆಯಲ್ಲಿ, ಮಳೆಯಲ್ಲಿ ತೊಯ್ದು ನಮ್ಮ ಮನೆಗೆ ಬಂದಳು. ಹೆಸರು ಕೂಗುವ ಹೊತ್ತಿಗೆ ಬಾಗಿಲಲ್ಲಿದ್ದಳಂತೆ. ಸಿವಿಲ್ ಸಿಕ್ಕಿತ್ತು. ಇಬ್ಬರೂ ಅತ್ತೆವು.

ನನ್ನನ್ನು ಯಾರೂ ಬಯ್ಯಲಿಲ್ಲ. ರಾಜ್ಯೋತ್ಸವ ಹತ್ತಿರ ಬಂದಾಗ ಹೆಡ್‌ಮಾಸ್ತರರು ನನ್ನನ್ನು ಕರೆಸಿ, ಇನ್ನು ಮುಂದೆ ನಮ್ಮ ಶಾಲೆಯ ಹುಡುಗಿಯರು ಬೇಡವಂತೆ, ಬಳಗದ ಮುತ್ತೈದೆಯರೇ ಕಲಶ ಹಿಡಿಯುತ್ತಾರಂತೆ ಎಂದು ಹೇಳಿ ಕಣ್ಣು ತಪ್ಪಿಸಿದರು. ನೀವು ಕೇಳಿದ್ದು ಅದನ್ನೇ ಅಲ್ಲವೇ ಎಂದರು. ಅದನ್ನೇ. ಇಷ್ಟು ವರ್ಷ ಗಣಿತದ ಹೆಸರಿನಲ್ಲಿ ಬೇಡಿಕೊಂಡಾಗ ಸಿಗದಿದ್ದದ್ದು, ನನ್ನ ಕೈ ತಗುಲಿತೆಂದು ಸಿಕ್ಕಿತ್ತು.

ತಾಲೀಮಿನ ದಿನ ತರಗತಿಗೆ ಹೋದೆ. ಎಲ್ಲ ಹುಡುಗಿಯರೂ ಬೆಂಚುಗಳ ಮೇಲೆ ಕೂತಿದ್ದರು. ಖುಷಿಪಡಬೇಕಿತ್ತು, ಬಂದದ್ದು ಸಿಟ್ಟು. ಬೋರ್ಡಿನ ಕಡೆ ತಿರುಗಿ, ಸೀಮೆಸುಣ್ಣ ಒತ್ತಿ ಒತ್ತಿ ಒಂದು ಸಮೀಕರಣ ಬರೆದೆ.

"ಟೀಚರ್" ಎಂದಳು ಮುಂದಿನ ಬೆಂಚಿನ ಹುಡುಗಿ, "ಎರಡನೇ ಸಾಲಿನ್ಯಾಗ ಮೈನಸ್ ಬಿಟ್ಟೀರಿ."